ನಾಲ್ಕು ಇಟ್ಟಿಗೆಯಷ್ಟು ಜಾಗ

ನನ್ನ ಹೆಂಡತಿ ತಮಿಳುನಾಡಿನ ಕಂಬಂ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಗೂಡಲೂರಿನ ನಮ್ಮ ಮನೆಗೆ ಅವಳು ಬರುವ ಹೊತ್ತಿಗೆ, ಏಲಕ್ಕಿ ತೋಟದ ಆಳುಗಳನ್ನು ತುಂಬಿಕೊಂಡ ಜೀಪುಗಳು ಹಾರ್ನ್ ಹೊಡೆಯುತ್ತ ಘಟ್ಟ ಹತ್ತುತ್ತಿರುತ್ತವೆ. ಹದಿನೈದು ವರ್ಷದಿಂದ ಅವಳು ಹಗಲು ನೆಟ್ಟಗೆ ನಿದ್ದೆ ಮಾಡಿಲ್ಲ. ಒಂದು ಬೆಳಗ್ಗೆ ಬಸ್ಸಿನಲ್ಲೇ ಕಣ್ಣು ಮುಚ್ಚಿ ಊರು ದಾಟಿ ಘಟ್ಟದ ಮೇಲಿನ ಕುಮಳಿಯವರೆಗೆ ಹೋಗಿಬಂದಳು. ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ. ತಾತ ಕಟ್ಟಿಸಿದ ಇಟ್ಟಿಗೆ ಮನೆಯ ಹಿಂದೆ ಅವಳಿಗೊಂದು ಸದ್ದಿಲ್ಲದ ಕೋಣೆ ಕಟ್ಟಲೇಬೇಕೆಂದು ನಾನು ಅವತ್ತೇ ನಿಶ್ಚಯಿಸಿದೆ.

ನಿಶ್ಚಯಿಸಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಲುಂಗಿಯ ಮಡಿಕೆಯಲ್ಲಿ ಅಳತೆ ಟೇಪು, ಫೋನಿನ ತುಂಬ ಕೋಣೆಗಳ ಚಿತ್ರ. ದ್ರಾಕ್ಷಿ ಚಪ್ಪರದ ಕೆಳಗೆ ನಿಂತಾಗಲೂ ಕಣ್ಣಿಗೆ ಕಾಣುತ್ತಿದ್ದುದು ಕಿಟಕಿಗಳೇ. ಅಗಲ ಹನ್ನೆರಡಡಿ ಇರಲಿ ಎಂದರೆ ಮೇಸ್ತ್ರಿ ಕಿವಿ ಮುಚ್ಚಿಕೊಂಡ. ಒಳಗಿನ ಅಳತೆ ಹತ್ತಡಿ ಬರಬಹುದು, ಹದಿನಾರು ಬರಬಹುದು, ಹನ್ನೆರಡು ಮಾತ್ರ ಮನೆಗೆ ಆಗಿಬರುವುದಿಲ್ಲವಂತೆ. ಹತ್ತಕ್ಕೆ ಹದಿನಾರು ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ತಮಿಳರ ಆಷಾಢವಾದ ಆಡಿ ತಿಂಗಳು ಹುಟ್ಟಿತು. ಆಡಿಯಲ್ಲಿ ನಮ್ಮ ಕಡೆ ಯಾರೂ ಮನೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಒಂದು ತಿಂಗಳು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸುಣ್ಣದ ಪುಡಿಯಲ್ಲಿ ಕೋಣೆಯ ಗೆರೆ ಎಳೆದೆ. ಆಡಿಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುತ್ತಾರೆ, ಸುಣ್ಣ ಯಾವ ಲೆಕ್ಕ. ಬಿದ್ದ ಕೊಟ್ಟಿಗೆಯ ಹಳೇ ಇಟ್ಟಿಗೆಗಳನ್ನು ಹೊತ್ತು ತಂದು ಗೆರೆಯಿದ್ದಲ್ಲಿ ಸುತ್ತಲೂ ಒಂದೊಂದಾಗಿ ಜೋಡಿಸಿದೆ. ನಡುವೆ ಬೇವಿನ ನೆರಳಿಗೆ ನಾರುಮಂಚ ಹಾಕಿ, ಒಮ್ಮೆ ಮಲಗಿ ಉದ್ದ ನೋಡೆಂದು ಹೆಂಡತಿಯನ್ನು ಕರೆದೆ. ಆಗತಾನೆ ಡ್ಯೂಟಿಯಿಂದ ಬಂದಿದ್ದಳು. ಸಮವಸ್ತ್ರದಲ್ಲೇ ಇಟ್ಟಿಗೆ ದಾಟಿ ಬಂದು ಮಲಗಿದಳು.

ಎದ್ದದ್ದು ಸಂಜೆ ನಾಲ್ಕಕ್ಕೆ. ನನಗೋ ಹಿಗ್ಗು ಹಿಡಿಯಲಾಗಲಿಲ್ಲ. ನೋಡಿದೆಯಾ, ಇಲ್ಲಿಗೆ ರಸ್ತೆಯ ಸದ್ದೇ ಬರುವುದಿಲ್ಲ ಎಂದು ಬೀಗಿದೆ. ಅವಳು ಕೂದಲು ಕಟ್ಟಿಕೊಳ್ಳುತ್ತ, ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಹೇಳಿದಳು:

"ರೋಡ್ ಸದ್ದಲ್ಲ ಮಾವ. ಮುಂದ್ಲು ವಾಸಲಿಂದ ಮಂಚಕ್ಕೆ ಬರೋಗಂಟ ಎಲ್ಲಾರ್ಗೂ ಬದಿಲು ಹೇಳಿ ಹೇಳಿ ನಿದ್ದೆ ಓಡೋಗ್ತೈತೆ. ಇತ್ಲಾಗೆ ಒಂದು ವಾಸಲಿದ್ರೆ..."

ಗಂಡನಿಗೆ ಮಾವ, ಬಾಗಿಲಿಗೆ ವಾಸಲು ಎನ್ನುವುದು ನಮ್ಮ ಕಡೆಯ ಮಾತು. ಮುಂಬಾಗಿಲಿನಿಂದ ಮಂಚದವರೆಗೆ ಅವಳಿಗೆ ಎದುರಾಗುವವರು ಯಾರೆಂದು ಎಣಿಸಿದೆ. ಕಾಫಿಗೆ ಕರೆಯುವ ಅಮ್ಮ, ರಕ್ತದೊತ್ತಡ ನೋಡು ಎಂದು ಜಗಲಿಯಲ್ಲಿ ಕಾಯುವ ಪಕ್ಕದ ಮನೆಯವರು, ಎಲ್ಲರಿಗಿಂತ ಮೊದಲು ಅಳತೆ ಟೇಪು ಹಿಡಿದ ನಾನು. ನಾಚಿಕೆಯಾಯಿತು. ಆದರೆ ಅವಳು ಕೇಳಿದ್ದು ಸಣ್ಣದಲ್ಲ. ನಮ್ಮ ಜನರಲ್ಲಿ ಸೊಸೆಯ ಕೋಣೆಗೆ ಹೊರಗಿನಿಂದ ಬೇರೆ ಬಾಗಿಲಿಟ್ಟರೆ ಬೇರೆ ಒಲೆ ಹೂಡಿದರೆಂದೇ ಅರ್ಥ. ಮನೆ ಪಾಲಾಯಿತು ಎಂದು ಸಂತೆಯಲ್ಲಿ ಮಾತಾಗುತ್ತದೆ. ಅಮ್ಮನಿಗೆ ಹೇಗೆ ಹೇಳುವುದು? ಎರಡು ದಿನ ಟೇಪು ಹಿಡಿದು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ಹೋಗಿ ಹಿಂದಿರುಗಿದೆ.

ಮೂರನೆಯ ದಿನ ಅಮ್ಮ ತಾನೇ ಹಿತ್ತಿಲಿಗೆ ಬಂದಳು. ಅಡುಗೆಮನೆಯ ಕಿಟಕಿ ಅಲ್ಲಿಗೇ ತೆರೆಯುತ್ತದೆಂಬುದು ನನಗೆ ಮರೆತೇಹೋಗಿತ್ತು. ಮನೆಯ ಹಿಂದಿನ ಓಣಿಯತ್ತ ಇದ್ದ ಸಾಲಿನಿಂದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟಳು. ನಾಲ್ಕಾದ ಮೇಲೆ ನಿಂತು, ತೆರವಾದ ಜಾಗದಲ್ಲಿ ತಾನೇ ಒಮ್ಮೆ ಹೋಗಿಬಂದು ನೋಡಿದಳು.

"ಇಲ್ಲಿ ವಾಸಲು ಬುಡು. ಊರ್ನೋರು ನಾಲ್ಕು ಮಾತು ಪೇಸಿದ್ರೆ ಪೇಸ್ಲಿ. ನನ್ ಸೊಸೆ ನಿದ್ದೆ ಮಾಡ್ಬೇಕು."

ನಾಲ್ಕು ಇಟ್ಟಿಗೆ ಹೊತ್ತುಕೊಂಡು ನಾನು ಹಾಗೇ ನಿಂತಿದ್ದೆ. ಕುಣಿಯಬೇಕು ಅನ್ನಿಸಿತು, ಕಣ್ಣೂ ತುಂಬಿತು.

ಮರುದಿನ ಬೆಳಗ್ಗೆ ಹೆಂಡತಿ ಮುಂಬಾಗಿಲಿಗೆ ಬರಲಿಲ್ಲ. ಓಣಿಯಿಂದ ಬಳಸಿ ಬಂದಳು. ಒಂದೇ ಇಟ್ಟಿಗೆ ಎತ್ತರದ ಸಾಲು, ಎಲ್ಲಿ ಬೇಕಾದರೂ ದಾಟಬಹುದಿತ್ತು. ಅವಳು ಆ ನಾಲ್ಕು ಇಟ್ಟಿಗೆಯ ಜಾಗ ಹುಡುಕಿ, ಅದರ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟು ಮಲಗಿದಳು. ಕಾಫಿಗೆ ಕರೆಯಲು ಬಾಯಿ ತೆರೆದ ಅಮ್ಮ, ಕಿಟಕಿಯ ಕದವನ್ನು ಸದ್ದಾಗದಂತೆ ಮುಚ್ಚಿದಳು.