ಪ್ರಿಯಾಂಕಾಳನ್ನು ಕೇಳಿದವರು ಗುಡದಪ್ಪ ಗುರುಗಳು

ಹಾವೇರಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಇಂದು ಪಾಠ ಹೇಳುತ್ತಿರುವವರ ಪೈಕಿ ಗುಡದಪ್ಪ ಗುರುಗಳ ಶಿಷ್ಯರಲ್ಲದವರನ್ನು ಹುಡುಕುವುದು ಕಷ್ಟ. ರಾಣೆಬೆನ್ನೂರಿನ ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಮಕ್ಕಳ ಮನೋವಿಜ್ಞಾನವನ್ನು ಬೋಧಿಸಿ, ಈ ೨೦೦೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪೂಜ್ಯರನ್ನು ಹೊಗಳುವ ಯೋಗ್ಯತೆ ನನಗಿಲ್ಲ. ಅವರು ಪರರ ಮುಂದೆ ಕೈಮುಗಿದು ನಿಲ್ಲುವಂತೆ ಮಾಡಿದ ಶಿಷ್ಯೆ ನಾನು. ಆ ಸಂಗತಿಯನ್ನೇ ಹೇಳುತ್ತೇನೆ.

೨೦೦೪ರಲ್ಲಿ ಪಾಠಾಭ್ಯಾಸಕ್ಕೆಂದು ನನ್ನನ್ನು ಬ್ಯಾಡಗಿಯ ಶಾಲೆಯೊಂದಕ್ಕೆ ಕಳಿಸಿದ್ದರು. ತುಮಕೂರು ಕಡೆಯವಳಾದ ನಾನು ಎರಡನೆಯ ತರಗತಿಯ ಪ್ರಿಯಾಂಕಾಳನ್ನು, "ನಿಮ್ಮ ಅಮ್ಮ ಏನು ಮಾಡ್ತಾರೆ?" ಎಂದು ಕೇಳಿದೆ. "ಸತ್ತಾಳ್ರಿ" ಎಂದಳು, ಸಲೀಸಾಗಿ. ಅವಳನ್ನು ಪಕ್ಕಕ್ಕೆಳೆದುಕೊಂಡು, "ಇವಳು ತಾಯಿಯಿಲ್ಲದ ಮಗು, ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳಬೇಕು" ಎಂದು ತರಗತಿಗೆಲ್ಲ ಸಾರಿದೆ. ನನ್ನ ಮಾತಿಗೆ ನನಗೇ ಕಣ್ಣು ತುಂಬಿತ್ತು.

ಮರುದಿನ ಅವಳ ತಾಯಿ ಗುತ್ತೆವ್ವ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವರು, ಕೆಲಸ ಬಿಟ್ಟು ಶಾಲೆಗೆ ಬಂದರು. "ನಾ ಗುಂಡಕಲ್ಲಿನಂಗ ಇದ್ದೀನಿ. ನನ್ನ ಮಗಳಿಗೆ ತಾಯಿಲ್ಲದಾಕಿ ಅಂದವರು ಯಾರ್ರಿ?" ಇಲ್ಲಿನ ಎಷ್ಟೋ ಮನೆಗಳಲ್ಲಿ ತಾಯಿಯನ್ನು 'ಅವ್ವ' ಎನ್ನುತ್ತಾರೆ, 'ಅಮ್ಮ' ಎಂದರೆ ಅಜ್ಜಿ, ಅದು ನನಗೆ ಗೊತ್ತಿರಲಿಲ್ಲ. ಸತ್ತದ್ದು ಅವಳ ಅಜ್ಜಿ. ಮುಖ್ಯೋಪಾಧ್ಯಾಯರು ನನ್ನನ್ನು ವಾಪಸು ಕಳಿಸಲು ಪತ್ರ ಬರೆದಿಟ್ಟರು. ಪಾಠಾಭ್ಯಾಸ ತಪ್ಪಿದರೆ ನನಗೆ ಒಂದು ವರ್ಷವೇ ಹೋದಂತೆ.

ಸುದ್ದಿ ತಿಳಿದ ಗುರುಗಳು ಸಿಕ್ಕ ಬಸ್ಸಿಗೆ ಬಂದರು. ಗುತ್ತೆವ್ವನನ್ನು ಕರೆಸಿ, "ತಪ್ಪು ನಂದೈತಿ ತಂಗಿ. ಈ ಹುಡುಗಿಗೆ ಪಾಠ ಮಾಡೂದು ಕಲಿಸಿದೆ, ಈ ಊರ ಮಾತು ಕಲಿಸಲಿಲ್ಲ" ಎಂದು ಕೈಮುಗಿದರು. ತಲೆ ನೆರೆತ ಆ ಹಿರಿಯರನ್ನು ಹಾಗೆ ನೋಡಿ ನಾನು ನಾಚಿಕೆಯಿಂದ ಕುಗ್ಗಿಹೋದೆ.

ಆಮೇಲೆ ಅವರು, ಆ ಗಲಾಟೆಯಲ್ಲಿ ನಾವ್ಯಾರೂ ಮಾತಾಡಿಸದಿದ್ದ ಪ್ರಿಯಾಂಕಾಳ ಎದುರು ಕುಕ್ಕರಗಾಲಲ್ಲಿ ಕೂತರು. "ಅಕ್ಕೋರು ಹಂಗ ಅಂದಾಗ ನೀ ಏನ ಮಾಡಿದಿ, ಯವ್ವಾ?"

"ಮನೀಗೆ ಓಡಿ ಹೋಗಿ ನೋಡಿದೆರಿ. ಅವ್ವ ಇದ್ಲು."

ಗುತ್ತೆವ್ವ ಮಗಳನ್ನು ಎತ್ತಿಕೊಂಡರು. ಮುಖ್ಯೋಪಾಧ್ಯಾಯರು ಪತ್ರವನ್ನು ಜೇಬಿಗೆ ಹಾಕಿಕೊಂಡರು. ಗುರುಗಳು ನನ್ನನ್ನು ಬೈಯಲೂ ಇಲ್ಲ. "ನೀ ಅಂದದ್ದು ಖರೇ ಅಂತ ತಿಳಿದು ಅಕಿ ಓಡ್ಯಾಳ. ಒಂದು ವಾರ ಪಾಠ ಬ್ಯಾಡ, ಹುಡುಗರ ಜೋಡಿ ಕುಂತು ಬರೇ ಕೇಳು" ಎಂದರು. ಆ ವಾರವೇ ನನ್ನನ್ನು ಶಿಕ್ಷಕಿಯನ್ನಾಗಿ ಮಾಡಿತು.

ಪೂಜ್ಯರು ಆರೋಗ್ಯದಿಂದ ನೂರ್ಕಾಲ ಬಾಳಲಿ. ನಿವೃತ್ತಿಯ ನೆಪ ಹೇಳದೆ ನಮ್ಮ ಶಾಲೆಗಳಿಗೆ ಬರುತ್ತಿರಲಿ, ಮಕ್ಕಳೆದುರು ಕೂರುತ್ತಿರಲಿ. ನಾವು ತಿಳಿಯದೆ ಆಡಿದ ಮಾತಿಗೆ ಇನ್ನೆಷ್ಟು ಮಕ್ಕಳು ಮನೆಗೆ ಓಡಿದ್ದಾರೋ, ಕೇಳುವ ಧೈರ್ಯ ನಮಗಿನ್ನೂ ಬಂದಿಲ್ಲ.