ಗುಲಾಬಿ ಅಕ್ಕನ ಫೋನಿಗೆ ಆಪ್

ಸ್ನೇಹಿತರೇ, ಗಲ್ಫಿನ ಸಲ್ವಾದಲ್ಲಿ ನಾನು ಕೆಲಸ ಮಾಡುವ ಮನಿ ಎಕ್ಸ್‌ಚೇಂಜಿಗೆ ಇವತ್ತು ಕಾರ್ಕಳದ ಗುಲಾಬಿ ಅಕ್ಕ ಬಂದಿದ್ದರು. ಮನೆಗೆಲಸದವರು. ಊರಿಗೆ ದುಡ್ಡು ಕಳಿಸಲು ತಿಂಗಳು ತಿಂಗಳು ಒಬ್ಬರೇ ಬರುತ್ತಿದ್ದವರ ಜೊತೆ ಈ ಸಲ ಅವರು ಕೆಲಸಕ್ಕಿರುವ ಮನೆಯ ಮೇಡಮ್ಮೂ ಇದ್ದರು.

"ಇವಳ ಫೋನಿಗೆ ನಿಮ್ಮ ಆಪ್ ಹಾಕಿ. ಮನೆಯಿಂದಲೇ ದುಡ್ಡು ಕಳಿಸಬಹುದು, ಚಾರ್ಜೂ ಕಡಿಮೆಯಂತಲ್ಲ," ಎಂದರು ಮೇಡಂ.

ಅಕ್ಕ ಮೆಲ್ಲಗೆ ಕನ್ನಡದಲ್ಲಿ, "ಆಗುದಿಲ್ಲ ಅಂತ ಹೇಳಿ ಮಾರಾಯ್ರೆ. ಚಾರ್ಜ್ ಹೋದ್ರೆ ಹೋಗ್ಲಿ. ನನ್ನನ್ನು ಹೊರಗೆ ಬಿಡುದು ಇದೊಂದಕ್ಕೇ," ಎಂದರು.

ಸರ್ವರ್ ಡೌನ್ ಎಂದೆ. ಪಕ್ಕದಲ್ಲಿದ್ದ ಮ್ಯಾನೇಜರ್ ನಗುನಗುತ್ತಾ ಫೋನ್ ಇಸಿದುಕೊಂಡು ಆಪ್ ಹಾಕಿಯೇ ಕೊಟ್ಟರು.

"ಖಲಾಸ್, ಇನ್ನು ಇಲ್ಲಿಗೆ ಬರುವ ಕೆಲಸವೇ ಇಲ್ಲ," ಎಂದು ಮೇಡಂ ಖುಷಿಪಟ್ಟರು. ಅಕ್ಕ ನನ್ನ ಕಡೆ ನೋಡದೆ ಕಾರು ಹತ್ತಿದರು.

ಸಂಜೆ ಮ್ಯಾನೇಜರ್ ಇದನ್ನೇ ಉತ್ತಮ ಗ್ರಾಹಕ ಸೇವೆ ಎಂದು ಆಫೀಸ್ ಗ್ರೂಪಿನಲ್ಲಿ ಬರೆದರು. ಎಲ್ಲರೂ ಚಪ್ಪಾಳೆ ಒತ್ತಿದರು. ನನ್ನದೂ ಒಂದಿದೆ, ಇಲ್ಲಿ ಉಳಿಯಲು ನನಗೂ ಕಂಪನಿಯಿಂದಲೇ ಇಕಾಮಾ ನವೀಕರಣವಾಗಬೇಕಲ್ಲ.