ಮಗ್ಗದ ಕೋಣೆಯಲ್ಲಿಟ್ಟ ಬಿಸ್ಕತ್ತು

ನನ್ನ ನೆಗೆಣ್ಣಿ ಮಾಡಿದ ಬಿಸ್ಕತ್ತು ಮುರಿದರೆ ಅಡುಗೆಮನೆಯ ಸದ್ದು ಪಡಸಾಲೆಗೆ ಕೇಳುತ್ತಿತ್ತು. ನನ್ನವು ಮುರಿಯುತ್ತಲೇ ಇರಲಿಲ್ಲ, ಬಾಗುತ್ತಿದ್ದವು. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಗೊತ್ತಾದದ್ದೇ ಆ ಸದ್ದಿನಿಂದ.

ಅವಳು ನನ್ನ ಮೈದುನನ ಹೆಂಡತಿ, ಐಜ ಊರಿನ ಕಡೆಯ ಶೇಂಗಾ ಬೆಳೆಯುವ ಮನೆಯವಳು. ನಾರಾಯಣಪೇಟೆಯ ನೇಕಾರರ ಮನೆಗೆ ಬಂದು ಎರಡು ವರ್ಷವಾದರೂ ಅವಳಿಗೆ ಲಾಳಿ ಹಿಡಿಯಲು ಬರುತ್ತಿರಲಿಲ್ಲ. ನಾನೋ, ಸೀರೆಯ ಅಂಚು ನೇಯುವುದರಲ್ಲಿ ಓಣಿಗೇ ಹೆಸರಾದವಳು. ಇಬ್ಬರೂ ಒಂದೇ ಹಿಟ್ಟು ಕಲಸಿ, ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯ ಭಟ್ಟಿಯಲ್ಲಿ ಒಂದೇ ಹೊತ್ತಿಗೆ ಸುಡಿಸಿಕೊಂಡು ಬರುತ್ತಿದ್ದೆವು. ಮನೆಗೆ ಬಂದು ಸಕ್ಕರೆ ಪುಡಿಗೆ ಹಾಲು, ಬಣ್ಣ ಬೆರೆಸಿ, ಪ್ಲಾಸ್ಟಿಕ್ ಕವರಿನ ತುದಿ ಕತ್ತರಿಸಿ ಮೇಲೆ ಸೀರೆಯ ಅಂಚಿನಂಥ ಗೆರೆ ಬಿಡುತ್ತಿದ್ದೆವು. ಆ ಗೆರೆ ಕಲಿಸಿದವಳೂ ನಾನೇ. ಕಲಿತ ಮೇಲೆ ಯಾರದು ಯಾವುದೆಂದು ಗುರುತು ಸಿಗದಷ್ಟು ಚೆಂದ ಎಳೆಯುತ್ತಿದ್ದಳು. ಆದರೂ ಮರುದಿನ ಮಕ್ಕಳೆಲ್ಲ ಅವಳ ಡಬ್ಬಿಗೇ ಮುತ್ತುತ್ತಿದ್ದರು. ಉಳಿದವರು ಹಾಳಾಗಿ ಹೋಗಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ!

ನಮ್ಮೂರು ಜಿಲ್ಲೆಯಾದ ವರ್ಷ ಮಗಳ ಶಾಲೆಯಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಊರಿನ ಗುರುತು ಇರುವಂಥದ್ದು ಏನಾದರೂ ತರಬೇಕಂತೆ. ಸೀರೆಯ ಅಂಚು ಬರೆದ ಬಿಸ್ಕತ್ತು ಒಯ್ಯುತ್ತೇನೆ ಎಂದು ಮಗಳು ಅಂದಾಗ ನನ್ನ ಎದೆ ಉಬ್ಬಿತು.

"ಚಿಗವ್ವನ ಕಡಿಂದ ಮಾಡಸ್ತೀನಿ," ಎಂದಳು. "ನಿನ್ನವು ಮೆತ್ತಗಾಗ್ತಾವ ಅವ್ವ."

"ಇಬ್ರೂ ಮಾಡ್ತೀವಿ. ಯಾವು ಖಡಕ್ ಇರ್ತಾವ, ಅವನ್ನ ಒಯ್ಯಿ," ಎಂದೆ. ಮೈ ಉರಿಯುತ್ತಿತ್ತು.

ನನ್ನವು ಯಾಕೆ ಮೆತ್ತಗಾಗುತ್ತವೆ ಎಂದು, ಶಾಲೆಗೆಂದು ಸುಡಿಸಿ ತಂದ ದಿನ ನೆಗೆಣ್ಣಿಯೇ ಹೇಳಿದಳು. ಬಿಸಿಲುಗಾಲದಲ್ಲಿ ನೂಲು ಹರಿಯದಿರಲೆಂದು ನಾವು ಮಗ್ಗದ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ ಕಿಟಕಿ ಮುಚ್ಚಿಡುತ್ತೇವೆ. ಅಲ್ಲಿ ಧೂಳಿಲ್ಲ, ನೊಣವಿಲ್ಲ. ಸೀರೆಗೆ ಒಳ್ಳೆಯದಾದ ಜಾಗ ಬಿಸ್ಕತ್ತಿಗೆ ಕೆಟ್ಟದಾಗುತ್ತದೆಯೇ ಎಂದು ನಾನು ಪ್ರತಿ ಸಲ ಅಲ್ಲೇ ಆರಲು ಇಡುತ್ತಿದ್ದೆ.

"ಅಕ್ಕಾ, ಮಗ್ಗದ ಮನ್ಯಾಗ ಇಡಬ್ಯಾಡ್ರಿ, ಅಲ್ಲಿ ತಂಪ ಐತಿ," ಎಂದಳು. "ಫ್ಯಾನಿನ ಕೆಳಗ ಬಿಡ್ರಿ. ಮ್ಯಾಲಿನ ಸಕ್ರಿ ಪೂರಾ ಒಣಗಿದ ಮ್ಯಾಲ ಡಬ್ಬಿಗೆ ಹಾಕ್ರಿ. ಹಸಿ ಶೇಂಗಾ ಚೀಲಕ್ಕ ತುಂಬಿದ್ರ ಕೆಡ್ತಾವಲ್ರಿ, ಇದೂ ಹಂಗ."

"ನನಗ ಗೊತ್ತೈತಿ ಬಿಡು," ಎಂದೆ. ಶೇಂಗಾ ಒಣಗಿಸುವವಳ ಹತ್ತಿರ ಪಾಠ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಸಿಟ್ಟು. ಆದರೆ ಅವಳು ಅತ್ತ ಹೋದದ್ದೇ ತಡ, ಮಹಡಿಯ ಕೋಣೆಯ ಫ್ಯಾನ್ ಹಾಕಿ, ಬಿಸ್ಕತ್ತು ಹರವಿ, ಕದ ಹಾಕಿಕೊಂಡು ಬಂದೆ. ಇಡೀ ದಿನ ಆರಿದ ಮೇಲೆ ಒಂದನ್ನು ಮುರಿದು ನೋಡಿದೆ. ಟಕ್ ಎಂದಿತು. ನನ್ನ ಕೈಯಿಂದ ಬಂದ ಮೊದಲ ಸದ್ದು ಅದು.

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಅವಳವೂ ಟಕ್ ಎನ್ನುತ್ತವಲ್ಲ! ಎರಡೂ ಖಡಕ್ ಇದ್ದರೆ ಮಗಳು ಚಿಗವ್ವನ ಕಡೆಗೇ ವಾಲುತ್ತಾಳೆ. ಮರುದಿನ ನೆಗೆಣ್ಣಿ ಹೆಸರಿಡುವ ಕಾರ್ಯಕ್ರಮಕ್ಕೆಂದು ಮಕ್ತಲ್‌ಗೆ ಹೋದಳು. ನಾನು ಅವಳ ಡಬ್ಬಿಯ ಮುಚ್ಚಳ ತೆಗೆದು ಮಗ್ಗದ ಕೋಣೆಯಲ್ಲಿಟ್ಟೆ. ನೆಲಕ್ಕೆ ಎರಡು ಸಲ ನೀರು ಹಾಕಿದೆ. ಅವಳು ಬಸ್ಸಿಳಿದು ಬರುವ ಮುಂಚೆ ಮುಚ್ಚಳ ಬಿಗಿದು, ಗೂಡಿನಲ್ಲಿ ನನ್ನ ಡಬ್ಬಿಯ ಪಕ್ಕಕ್ಕೆ ಇಟ್ಟುಬಿಟ್ಟೆ. ಎರಡೂ ಅತ್ತೆ ಕೊಟ್ಟ ಜೋಡಿ ಸ್ಟೀಲ್ ಡಬ್ಬಿಗಳು.

ಬೆಳಿಗ್ಗೆ ಮಗಳು ಎರಡನ್ನೂ ತೆರೆದಳು. ಮೊದಲ ಡಬ್ಬಿಯದು ಅವಳ ಬೆರಳಲ್ಲಿ ಬಾಗಿತು. ನನ್ನ ಮುಖ ನೋಡಿ ದನಿ ತಗ್ಗಿಸಿದಳು.

"ಇರ್ಲಿ ಬಿಡವ್ವ. ನಿನ್ನವು ಸಂಜೀಕ ನಾವು ಮನ್ಯಾಗ ತಿನ್ನೂಣು."

ಇನ್ನೊಂದರಿಂದ ತೆಗೆದು ಮುರಿದಳು. ಟಕ್. "ಇವು ಚಿಗವ್ವನವು!" ಎಂದು ನನ್ನ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು.

ಅವು ನನ್ನವು ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಮೆತ್ತಗಾದವು ಯಾರವು, ಹೇಗಾದವು ಎಂದೂ ಹೇಳಬೇಕಿತ್ತು.

ನೀರು ತುಂಬುತ್ತಿದ್ದ ನೆಗೆಣ್ಣಿ ಕೈ ಒರೆಸಿಕೊಂಡು ಬಂದಳು. ಉಳಿದ ಡಬ್ಬಿಯಿಂದ ಒಂದನ್ನು ತೆಗೆದಾಗ ಕೆಳಗೆ ತಾನೇ ಹಾಸಿದ್ದ ಕಾಗದ ಕಂಡಿತು; ಬಿಸ್ಕತ್ತನ್ನು ಬಾಗಿಸಿದಳು. ಮಗ್ಗದ ಕೋಣೆಯ ಕಡೆ ನೋಡಿದಳು, ಆಮೇಲೆ ನನ್ನನ್ನು.

"ಚಿಗವ್ವ, ಇವು ನಿನ್ನವ ಹೌದಲ್ಲ?" ಎಂದಳು ಮಗಳು ಹೊಸ್ತಿಲಲ್ಲಿ ನಿಂತು, ಅವುಚಿಕೊಂಡ ಡಬ್ಬಿ ತೋರಿಸಿ.

ನನ್ನ ಮೇಲಿಂದ ಕಣ್ಣು ತೆಗೆಯದೆ ನೆಗೆಣ್ಣಿ ಹೇಳಿದಳು: "ಹೂಂ, ನನ್ನವೇ. ಸಾವಕಾಶ ಒಯ್ಯಿ, ಒಡದಾವು."